ಪಂಚಮಿಗೆ ಬಂದ ಕಬ್ಜೆದಾರ

ನನ್ನ ಛತ್ರಿಯ ಹಿಡಿಕೆಯ ಮೇಲೆ ನನ್ನ ಹೆಸರಿದೆ. ಬಿಳಿ ಬಣ್ಣದಲ್ಲಿ, ತಂದೆಯ ಹೆಸರಿನ ಮೊದಲಕ್ಷರದ ಸಮೇತ ಬರೆಸಿದ್ದೇನೆ. ನಮ್ಮ ಯಲಬುರ್ಗಾದಲ್ಲಿ ಛತ್ರಿ ಬಿಚ್ಚುವಂಥ ಮಳೆ ಬೀಳುವುದೇ ಅಪರೂಪ. ಛತ್ರಿ ಕದಿಯುವವರು ಇನ್ನೂ ಅಪರೂಪ. ಆದರೂ ಬರೆಸಿದೆ. ಮೊನ್ನೆ ಮನೆಯ ಹಳೆಯ ಸಾಮಾನು ಬಿಸಿಲಿಗೆ ಹಾಕುವಾಗ ಮಗಳು ಪೂಜಾ ಅದನ್ನು ಕೈಯಲ್ಲಿ ತಿರುವಿ ನೋಡಿ, “ಅಪ್ಪಾ, ನೀ ಎಷ್ಟ್ ಪೊಸೆಸಿವ್ ಅದಿ,” ಎಂದು ನಕ್ಕಳು. ನಾನೂ ನಕ್ಕೆ. ತಿಂಗಳ ಹಿಂದೆ ಈ ಮಾತು ಕಿವಿಗೆ ಬಿದ್ದಿದ್ದರೆ ನನಗೆ ಉಂಡ ಅನ್ನ ಇಳಿಯುತ್ತಿರಲಿಲ್ಲ. ಅದೇ ಮಾತು ಮಗಳ ಬಾಯಲ್ಲಿ ತಮಾಷೆಯಾಗಿ ಬಂದದ್ದು ಕೇಳಿ ಎದೆ ಹಗುರಾಯಿತು. ಯಾಕೆಂದು ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತು ಹಾಕಿ ಹೇಳುತ್ತೇನೆ. ನೆಟ್ಟಗೆ ವಿಷಯಕ್ಕೆ ಬರುವ ಅಭ್ಯಾಸ ನನಗಿಲ್ಲ. ಮೂವತ್ತು ವರ್ಷ ಸರ್ಕಾರಿ ವರದಿ ಬರೆದ ಕೈ ಇದು.

ಛತ್ರಿಯೊಂದೇ ಅಲ್ಲ, ಟಾರ್ಚಿನ ಮೇಲೂ ನನ್ನ ಹೆಸರಿದೆ, ಕನ್ನಡಕದ ಡಬ್ಬಿಯ ಒಳಗೂ ಇದೆ. ಮುಂಜಾನೆ ಪೇಪರನ್ನು ನನಗಿಂತ ಮೊದಲು ಯಾರಾದರೂ ಬಿಚ್ಚಿದರೆ ಅವತ್ತಿನ ಸುದ್ದಿಯೆಲ್ಲ ನನಗೆ ತಂಗಳು ಅನಿಸುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವರನ್ನು ನೀವು ನೋಡಿರುತ್ತೀರಿ. ನಾನು ಆ ಪೈಕಿ. ಹಿಂದಿನಿಂದ ಹತ್ತಿ ಬಂದಾಗ ನನ್ನ ಟವೆಲ್ಲಿನ ಮೇಲೆ ಯಾರೋ ಕುಳಿತಿದ್ದರೆ, ಅವರು ಎದ್ದರೂ ಸರಿ, ಏಳದಿದ್ದರೂ ಸರಿ, ಕೊಪ್ಪಳ ಬರುವ ತನಕ ನನ್ನ ಮುಖ ಗಂಟಿಕ್ಕಿಕೊಂಡೇ ಇರುತ್ತದೆ. ಟವೆಲ್ಲಿನ ಮೇಲೂ ಹೆಸರಿದೆಯೇ ಎಂದು ಕೇಳಬೇಡಿ. ಮೂಲೆಯಲ್ಲಿ ಸಣ್ಣದಾಗಿ ಇದೆ.

ಇದು ಸಣ್ಣಂದಿನಿಂದ ಬಂದ ರೋಗ. ನಾಗರಪಂಚಮಿಗೆ ನಮ್ಮವ್ವ ಉಂಡಿ ಕಟ್ಟುತ್ತಿದ್ದಳು. ಶೇಂಗಾದ್ದು, ಎಳ್ಳಿನದು, ರವೆಯದು. ಎಳ್ಳುಂಡಿ ನನಗೆ ಪ್ರಾಣ. ಒಂದು ವರ್ಷ ಅಕ್ಕನಿಗೆ ಅದರಲ್ಲಿ ಪಾಲು ಸಿಗಬಾರದೆಂದು ಒಂದು ಉಪಾಯ ಮಾಡಿದೆ. ಅವ್ವ ನೀರಿಗೆ ಹೋದ ಹೊತ್ತಿನಲ್ಲಿ ಡಬ್ಬಿ ತೆಗೆದು ಅದರಲ್ಲಿದ್ದ ಎಳ್ಳುಂಡಿಗಳನ್ನೆಲ್ಲ ಒಂದೊಂದಾಗಿ ನೆಕ್ಕಿ, ಮತ್ತೆ ಹಾಗೆಯೇ ಜೋಡಿಸಿಟ್ಟೆ. ಎಂಜಲಾದದ್ದನ್ನು ಇನ್ನೊಬ್ಬರು ಮುಟ್ಟುವುದಿಲ್ಲ ಎಂಬುದು ನನ್ನ ಲೆಕ್ಕ. ಸಂಜೆ ಅಕ್ಕ ಡಬ್ಬಿಗೆ ಕೈ ಹಾಕಿದಾಗ ಗತ್ತಿನಿಂದ ವಿಷಯ ತಿಳಿಸಿದೆ. ಆಕೆ ಒಂದು ಉಂಡಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. “ನಿನ್ನ ಎಂಜಲಾ ಹೌದಲ್ಲ? ನಂಗ ನಡಿತೈತಿ ಬಿಡು,” ಎಂದು ಕಟಕಟ ಕಡಿದು ತಿಂದಳು. ನನ್ನ ಮೊದಲ ಕಬ್ಜಾ ಹೀಗೆ ಬಿದ್ದುಹೋಯಿತು.

ಕಬ್ಜಾ ಎಂದೆ. ನಮ್ಮ ಕಡೆ ನಿಜಾಮರ ಕಾಲದಿಂದ ಉಳಿದ ಮಾತು ಅದು, ಸ್ವಾಧೀನ ಎಂದು ಅರ್ಥ. ಮುಂದೆ ನನ್ನ ಅನ್ನವೂ ಅದೇ ಮಾತಿನಿಂದ ಹುಟ್ಟಿತು. ನಾನು ಹಳ್ಳಿಯ ಲೆಕ್ಕಿಗನಾಗಿದ್ದೆ. ಹಳೆಯ ಜನ ಪಟವಾರಿ ಎಂದರು, ಉಳಿದವರು ತಲಾಟಿ ಎಂದರು. ಹೊಲದ ಪಹಣಿಯಲ್ಲಿ ಕಬ್ಜೆದಾರನ ಹೆಸರು ಬರೆಯುವ ಒಂದು ಅಂಕಣ ಇರುತ್ತದೆ. ಆ ಅಂಕಣಕ್ಕಾಗಿ ಅಣ್ಣತಮ್ಮಂದಿರು ಬಡಿದಾಡಿದ್ದನ್ನು, ತಾಯಿ ಮಗ ಮಾತು ಬಿಟ್ಟದ್ದನ್ನು ಕಣ್ಣಾರೆ ಕಂಡವನು ನಾನು. ಯಾರ ಹೆಸರು ಬರೆಯಬೇಕೆಂದು ಆಫೀಸಿನಲ್ಲಿ ಕುಳಿತು ತಿಳಿಯುವುದಿಲ್ಲ. ಜಾಗಕ್ಕೆ ಹೋಗಿ ಪಂಚನಾಮೆ ಮಾಡಬೇಕು.

ಪಂಚನಾಮೆ ಮಾಡುವುದನ್ನು ನನಗೆ ಕಲಿಸಿದವರು ಖಾದರಸಾಬರು. ಕಂದಾಯ ಇಲಾಖೆಯಲ್ಲಿ ನನಗಿಂತ ಮೇಲಿನವರು, ತೆಳ್ಳಗಿನ ಮನುಷ್ಯ, ಬಿಸಿಲಿನಲ್ಲಿ ಹೊಲ ಸುತ್ತುವಾಗ ತಲೆಗೆ ಒದ್ದೆ ವಸ್ತ್ರ ಸುತ್ತಿಕೊಳ್ಳುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುಷ್ಟಗಿ ಕಡೆಯ ಒಂದು ಹೊಲಕ್ಕೆ ನನ್ನನ್ನು ಕರೆದೊಯ್ದರು. ಇಬ್ಬರು ದಾಯಾದಿಗಳು ಆ ಹೊಲ ತನ್ನದು ತನ್ನದು ಎಂದು ಹಟ ಹಿಡಿದಿದ್ದರು. ಖಾದರಸಾಬರು ಆ ಹೊಲದ ಮಾತೇ ಎತ್ತಲಿಲ್ಲ. ಒಬ್ಬನನ್ನು ಪಕ್ಕಕ್ಕೆ ಕರೆದು, ಅದರ ಪಕ್ಕದ ಹೊಲದಲ್ಲಿ ಹೋದ ವರ್ಷ ಏನು ಬಿತ್ತಿದ್ದರು, ದನ ಎಲ್ಲಿಂದ ಹಾಯ್ದು ಹೋಗುತ್ತಿದ್ದವು, ಬದು ಯಾರು ಹಾಕಿಸಿದರು ಎಂದು ಸುಮ್ಮನೆ ಹರಟೆ ಹೊಡೆದರು. ಆತ ಮೈಮರೆತು ಹೇಳುತ್ತ ಹೋದ. ಜಗಳದ ಹೊಲವನ್ನು ನಿಜಕ್ಕೂ ಉಳುತ್ತಿದ್ದವರು ಯಾರೆಂಬುದು ಅರ್ಧ ತಾಸಿನಲ್ಲಿ ಹೊರಬಿತ್ತು. ವಾಪಸು ಬರುವಾಗ ನನಗೆ ಹೇಳಿದರು: “ಜಗಳದ ಹೊಲದ ಮಾತು ತೆಗೆದ್ಯೋ, ಎಲ್ಲಾರೂ ತಯಾರಾಗಿ ಬಂದಿರ್ತಾರ. ಬಾಜೂ ಹೊಲದ ಮಾತು ಕೇಳಬೇಕಪಾ. ಅಲ್ಲಿಗೆ ಯಾರೂ ಸುಳ್ಳು ಕಟ್ಕೊಂಡು ಬಂದಿರಂಗಿಲ್ಲ.” ನಾನು ಆ ಮಾತನ್ನು ನೌಕರಿ ಇರುವ ತನಕ ಹೊಲಗಳಿಗಷ್ಟೇ ಬಳಸಿದೆ.

ಈಗ ಆ ಇಂಗ್ಲಿಷ್ ಮಾತಿಗೆ ಬರುತ್ತೇನೆ. ಅದು ನಮ್ಮ ಮನೆಗೆ ಬಂದದ್ದು ಕಿರಣನ ಜೊತೆ. ಪೂಜಾ ಕೊಪ್ಪಳದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕಿರಣನದು ಗಂಗಾವತಿ ಆಚೆ ಸಿದ್ದಾಪುರ. ಕಾಲುವೆ ನೀರಿನ ಭತ್ತದ ಗದ್ದೆ, ಊರಲ್ಲಿ ಗೊಬ್ಬರದ ಅಂಗಡಿ, ನೋಡಲು ಲಕ್ಷಣವಂತ, ಹಿರಿಯರನ್ನು ಕಂಡರೆ ಬಗ್ಗಿ ಕಾಲು ಮುಟ್ಟುವ ಹುಡುಗ. ಹೆಣ್ಣು ನೋಡಲು ಬಂದ ದಿನ ಅವಲಕ್ಕಿ ತಿನ್ನುತ್ತ ತಾನಾಗಿ, “ನಾ ಸ್ವಲ್ಪ ಪೊಸೆಸಿವ್ ಅದೀನ್ರಿ, ಮೊದಲ ಹೇಳಿಬಿಡ್ತೀನಿ,” ಎಂದು ನಕ್ಕ. ನನ್ನ ಹೆಂಡತಿಯ ಅಣ್ಣ ಬಸಣ್ಣ ಬೇವೂರಿನ ರೈತ. ಅದು ಹುಡುಗ ಬಿ.ಕಾಂ ಆದ ಮೇಲೆ ಮಾಡಿದ ಯಾವುದೋ ಕೋರ್ಸ್ ಇರಬೇಕೆಂದುಕೊಂಡು, “ಛಲೋ ಆತಲ್ರಿ, ಈಗ ಅದಕ್ಕ ಬೇಡಿಕಿ ಐತಿ,” ಎಂದ. ಎಲ್ಲರೂ ತಲೆಯಾಡಿಸಿದೆವು. ಪೂಜಾ ಮಾತ್ರ ಕೆಂಪಾದಳು.

ಅವರು ಹೋದ ಮೇಲೆ ನಾನು ಹಳೆಯ ಡಿಕ್ಷನರಿ ತೆಗೆದೆ. ಮೊದಲ ಅರ್ಥ ಒಡೆತನಕ್ಕೆ ಸಂಬಂಧಿಸಿದ್ದು. ಅದು ನನಗೆ ಗೊತ್ತಿದ್ದದ್ದೇ. ಅದರ ಕೆಳಗೆ, ತನ್ನದನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳಲು ಒಲ್ಲದ ಸ್ವಭಾವದ್ದು ಎಂದಿತ್ತು. ಎಳ್ಳುಂಡಿ ನೆನಪಾಯಿತು. ಅದರ ಪಕ್ಕದ ಮನೆಯಂತೆ ಇನ್ನೊಂದು ಮಾತಿತ್ತು, ದೆವ್ವ ಮೈಮೇಲೆ ಬರುವುದಕ್ಕೆ ಹೇಳುವುದು. ಪುಸ್ತಕ ಮುಚ್ಚಿ ಮಗಳನ್ನೇ ಕೇಳಿದೆ.

“ಅಂದ್ರ ಭಾಳ ಪ್ರೀತಿ ಅಂತ, ಅಪ್ಪಾ,” ಎಂದಳು. “ನಮ್ಮ ಲ್ಯಾಬಿನ್ಯಾಗ ಎಲ್ಲಾ ಹುಡುಗ್ಯಾರೂ ಹಂಗ ಹೇಳ್ಕೋತಾರ. ನಮ್ಮ ಹುಡುಗ ಭಾಳ ಪೊಸೆಸಿವ್, ನಮ್ಮ ಹುಡುಗ ಭಾಳ ಪೊಸೆಸಿವ್ ಅಂತ.”

“ಮತ್ತ ಪೊಸೆಸಿವ್ ಇಲ್ಲದವ?”

“ಅವಗ ಆಕಿ ಮ್ಯಾಲೆ ಲಕ್ಷ್ಯ ಇಲ್ಲ ಅಂತ.”

ನಮ್ಮ ಮಾತಿನಲ್ಲಿ ಇದಕ್ಕೆ ಏನೆನ್ನುತ್ತಾರೆ ಎಂದು ಎರಡು ದಿನ ಯೋಚಿಸಿದೆ. ನಿವೃತ್ತನಿಗೆ ಬೇರೆ ಕೆಲಸ ಏನಿದೆ. ಹೊಟ್ಟೆಕಿಚ್ಚು ಅನ್ನಬಹುದೇ? ಅದು ಇನ್ನೊಬ್ಬರ ಬಳಿ ಇರುವುದನ್ನು ಕಂಡು ಹುಟ್ಟುವುದು. ಇದು ತನ್ನ ಬಳಿ ಇರುವುದಕ್ಕಾಗಿ ಉರಿಯುವುದು. ಸಂಶಯ ಅಂದರೆ ಬರೀ ಕಹಿ, ಇದರಲ್ಲಿ ಸ್ವಲ್ಪ ಬೆಲ್ಲವೂ ಇದೆ. ಹಕ್ಕು ಅನ್ನಬಹುದು, ಆದರೆ ಹಕ್ಕಿಗೆ ಕಾಗದಪತ್ರ ಬೇಕು. ಸರಿಯಾದ ಒಂದು ಮಾತು ಸಿಗಲಿಲ್ಲ. ಇಂಥ ಗುಣ ನಮ್ಮಲ್ಲಿ ಇಲ್ಲ, ಅದಕ್ಕೇ ಮಾತೂ ಇಲ್ಲ ಎಂದು ಮೊದಲು ಹೆಮ್ಮೆಪಟ್ಟೆ. ಆಮೇಲೆ ನನ್ನ ಹೆಂಡತಿ ನೀಲಮ್ಮನ ಮುಖ ನೋಡಿದಾಗ ಆ ಹೆಮ್ಮೆ ಇಳಿಯಿತು. ಮನೆ ಮನೆಯಲ್ಲೂ ಇದ್ದುದರಿಂದ ಯಾರೂ ಅದಕ್ಕೆ ಹೆಸರಿಡುವ ಗೋಜಿಗೆ ಹೋಗಿಲ್ಲ, ಅಷ್ಟೇ.

ನಿಶ್ಚಯವಾಯಿತು. ಉಂಗುರ ಹಾಕಿದರು, ದೀಪಾವಳಿ ಕಳೆದ ಮೇಲೆ ಮದುವೆ ಎಂದು ಮಾತಾಯಿತು. ಕಿರಣ ದಿನಾ ಫೋನ್ ಮಾಡತೊಡಗಿದ. ಮಾಡಲಿ, ನಮ್ಮ ಕಾಲದಲ್ಲಿ ಫೋನ್ ಇರಲಿಲ್ಲ, ಇದ್ದಿದ್ದರೆ ನಾನೂ ಮಾಡುತ್ತಿದ್ದೆ. ಬರಬರುತ್ತ ಅವನು ತಾಸಿಗೊಮ್ಮೆ ಮಾಡತೊಡಗಿದ. ಬಸ್ಸು ಹತ್ತಿದ್ದಕ್ಕೆ ಒಂದು, ಇಳಿದದ್ದಕ್ಕೆ ಒಂದು, ಲ್ಯಾಬಿನಲ್ಲಿ ಜೊತೆಗೆ ಯಾರು ಇದ್ದಾರೆ ಎನ್ನುವುದಕ್ಕೆ ಇನ್ನೊಂದು. ಅವಳು ಎಲ್ಲಿದ್ದಾಳೆ ಎಂದು ತನ್ನ ಫೋನಿನಲ್ಲಿ ಕಾಣುವಂತೆ ಮಾಡಿಸಿಕೊಂಡ. ಜಮೀನಿನ ಕಾಗದದಲ್ಲಿ ಚಕ್ಕುಬಂದಿ ಬರೆಯುತ್ತೇವೆ, ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು ಎಂದು. ನನ್ನ ಮಗಳಿಗೂ ಚಕ್ಕುಬಂದಿ ಆಯಿತು: ಪೂರ್ವಕ್ಕೆ ಲ್ಯಾಬು, ಪಶ್ಚಿಮಕ್ಕೆ ಮನೆ, ಉಳಿದ ಎರಡೂ ದಿಕ್ಕಿಗೆ ಕಿರಣ.

ಒಂದು ಭಾನುವಾರ ಲ್ಯಾಬಿನ ಹುಡುಗಿಯರೆಲ್ಲ ಸಾಣಾಪುರದ ಕೆರೆಗೆ ಹೋದರು. ಹರಿಗೋಲಿನಲ್ಲಿ ಕೂಡುವ ಮೊದಲು ಅಂಬಿಗ, ನೀರಿಗೆ ಬಿದ್ದಾವು ಎಂದು ಎಲ್ಲರ ಫೋನುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿ ದಡದಲ್ಲಿ ಇಡಿಸಿದನಂತೆ. ಒಂದು ತಾಸು ಕಳೆದು ಬಂದರೆ ಪೂಜಾಳ ಫೋನಿನಲ್ಲಿ ಇಪ್ಪತ್ತಮೂರು ಮಿಸ್ಡ್ ಕಾಲು. ಇಪ್ಪತ್ತನಾಲ್ಕನೆಯದನ್ನು ಎತ್ತಿ ಆಕೆ ದಡದಲ್ಲಿ ಒಬ್ಬಳೇ ನಿಂತು ಕ್ಷಮೆ ಕೇಳಿದಳು. ಇದನ್ನು ಅವಳು ಹೇಳಲಿಲ್ಲ. ಅವಳ ಗೆಳತಿಯೊಬ್ಬಳು ನೀಲಮ್ಮನಿಗೆ ಹೇಳಿದ್ದು. ಅವತ್ತಿನಿಂದ ಪೂಜಾ ಎಲ್ಲಿಗೂ ಹೋಗಲಿಲ್ಲ. ಊಟಕ್ಕೆ ಕುಳಿತಾಗಲೂ ಫೋನು ತಟ್ಟೆಯ ಪಕ್ಕದಲ್ಲಿ ಇರುತ್ತಿತ್ತು, ರೊಟ್ಟಿ ಮುರಿಯುವ ಕೈ ಪದೇ ಪದೇ ಅದರ ಕಡೆ ಹೋಗುತ್ತಿತ್ತು. ಪೊಸೆಸಿವ್ ಎನ್ನುವ ಮಾತು ಅವಳ ಬಾಯಲ್ಲಿ ಬರುವುದು ನಿಂತಿತು.

ನೋಡಿಯೂ ನಾನು ಸುಮ್ಮನಿದ್ದೆ. ನನಗೆ ನಾಚಿಕೆ. ಯಾವ ಬಾಯಿಂದ ಹೇಳಲಿ? ನಾನೇನು ಕಡಿಮೆ ಇದ್ದೆನೇ?

ಪಂಚಮಿ ಹೆಂಗಸರ ಹಬ್ಬ ಎಂಬುದು ನಿಮಗೆ ಗೊತ್ತು. ತವರಿನಿಂದ ಅಣ್ಣನೋ ತಮ್ಮನೋ ಬಂದು ಕರೆದೊಯ್ಯುತ್ತಾನೆ, ಹೆಣ್ಣುಮಕ್ಕಳು ರೊಟ್ಟಿ ಹಂಚಿ, ಉಂಡಿ ತಿಂದು, ಜೋಕಾಲಿ ಆಡಿ, ವರ್ಷದ ನಗೆಯನ್ನೆಲ್ಲ ಮೂರು ದಿನದಲ್ಲಿ ನಕ್ಕು ಬರುತ್ತಾರೆ. ಈ ಹಬ್ಬದಲ್ಲಿ ಗಂಡನಾದವನಿಗೆ ಇರುವ ಕೆಲಸ ಒಂದೇ, ಮನೆಯಲ್ಲಿ ಇರುವುದು. ನಮ್ಮ ಮದುವೆಯ ಮೊದಲ ವರ್ಷ ಬಸಣ್ಣ ಬೇವೂರಿನಿಂದ ನೀಲಮ್ಮನನ್ನು ಕರೆಯಲು ಬಂದಾಗ ನನಗೆ ಆ ಕೆಲಸ ಆಗಲಿಲ್ಲ. ಬೇವೂರಿನಲ್ಲಿ ಒಂದು ಹೊಲದ ಪಂಚನಾಮೆ ಬಾಕಿ ಇದೆ ಎಂದು ಸುಳ್ಳು ಹೇಳಿ, ಬಗಲಲ್ಲಿ ಒಂದು ಫೈಲು ಹಿಡಿದು ಅದೇ ಬಸ್ಸು ಹತ್ತಿದೆ. ಫೈಲಿನಲ್ಲಿ ಬರೀ ಬಿಳಿ ಹಾಳೆ ಇದ್ದವು.

ಅತ್ತೆಯವರು ಪಾಪ, ಅಳಿಯ ಬಂದನೆಂದು ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡಿಸಿದರು. ಕೂತೆ. ಅಲ್ಲಿಂದ ಹಿತ್ತಲ ಬೇವಿನ ಮರದ ಜೋಕಾಲಿ ನೇರ ಕಾಣುತ್ತಿತ್ತು. ಓಣಿಯ ಹೆಣ್ಣುಮಕ್ಕಳು ಗುಂಪಾಗಿ ಬರುವರು, ಪಡಸಾಲೆಯಲ್ಲಿ ಫೈಲು ಹಿಡಿದು ಕುಳಿತ ಅಳಿಯನನ್ನು ನೋಡಿ ಸೆರಗು ಎಳೆದುಕೊಂಡು ಹಿಂದಕ್ಕೆ ಸರಿಯುವರು. ಹೊಸ ಅಳಿಯನ ಮುಂದೆ ಸೀರೆ ಕಚ್ಚೆ ಹಾಕಿ ಜೀಕುವುದು ಹೇಗೆ? ಗಟ್ಟಿಯಾಗಿ ನಗುವುದು ಹೇಗೆ? ಎರಡು ದಿನ ಆ ಜೋಕಾಲಿ ಸುಮ್ಮನೆ ತೂಗುಬಿದ್ದಿತ್ತು. ಮಾಡುವುದೇನೂ ಇಲ್ಲದೆ ನಾನು ಉಂಡಿ ತಿಂದೆ. ಅತ್ತೆ ತಾಟು ಖಾಲಿಯಾಗಲು ಬಿಡಲಿಲ್ಲ. ಎರಡನೆಯ ದಿನ ಮಧ್ಯಾಹ್ನ ನೀಲಮ್ಮ ನೀರು ತಂದಿಟ್ಟು, ಮುಖ ನೋಡದೆ, “ನೀವು ಹೋಗ್ರಿ,” ಎಂದಳು. ಎರಡೇ ಶಬ್ದ. ಫೈಲು ಎತ್ತಿಕೊಂಡು ಹೊರಟೆ. ಯಲಬುರ್ಗಾ ಮುಟ್ಟುವಷ್ಟರಲ್ಲಿ ಹೊಟ್ಟೆ ಕೆಟ್ಟು, ಮೂರು ದಿನ ಕಬ್ಜಾ ಮಾಡಿದ್ದು ಬಚ್ಚಲ ಪಕ್ಕದ ಆ ಸಣ್ಣ ಕೋಣೆಯನ್ನು. ಇಂದಿಗೂ ಬೇವೂರಿನಲ್ಲಿ ನನ್ನನ್ನು ಕಂಡರೆ ಹಿರಿಯ ಹೆಂಗಸರು ಫೈಲು ಎಲ್ಲಿ ಎಂದು ಕೇಳುತ್ತಾರೆ.

ಇಂಥ ನಾನು ಕಿರಣನಿಗೆ ಏನೆಂದು ಬುದ್ಧಿ ಹೇಳಲಿ? ವಯಸ್ಸಿನ ಬಿಸಿ, ಇಳಿದೀತು, ನನ್ನದು ಇಳಿಯಲಿಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ನೀಲಮ್ಮ ಒಪ್ಪಲಿಲ್ಲ, ಜಗಳವನ್ನೂ ಮಾಡಲಿಲ್ಲ. “ಹುಡುಗಿ ಬಡವಾಗ್ಯಾಳ ನೋಡ್ರಿ,” ಎಂದು ಮಾತ್ರ ಎರಡು ಮೂರು ಸಲ ಅಂದಳು.

ಈ ಸಲ ಪಂಚಮಿಗೆ ಬಸಣ್ಣ ಬಂದು ತಂಗಿಯನ್ನೂ ಸೋದರಸೊಸೆಯನ್ನೂ ಬೇವೂರಿಗೆ ಕರೆದೊಯ್ದ. ಮದುವೆಗೆ ಮುಂಚಿನ ಕೊನೆಯ ಪಂಚಮಿ ಎಂದು ಪೂಜಾಳಿಗೆ ಓಣಿಯ ಗೆಳತಿಯರ ಒತ್ತಾಯವಿತ್ತು. ಸಿದ್ದಾಪುರದಿಂದ ಹಬ್ಬದ ಸೀರೆ, ಉಂಡಿ ಎಲ್ಲ ಮೊದಲೇ ಬಂದಿದ್ದವು. ನಾನು ನನ್ನ ಕೆಲಸ ಮಾಡುತ್ತ, ಅಂದರೆ ಮನೆಯಲ್ಲಿ ಇರುತ್ತ, ಪೇಪರು ಓದುತ್ತಿದ್ದೆ. ನೀಲಮ್ಮನ ಫೋನ್ ಬಂತು.

“ಕಿರಣ ಬಂದಾನ್ರಿ. ಮುಂಜಾನಿಂದ ಕಟ್ಟಿ ಮ್ಯಾಲ ಕುಂತಾನ. ಪೂಜಾ ಎರಡು ಸಲ ಹೋಗು ಅಂತ ಹೇಳಿದ್ಲು, ಹೋಗವಲ್ಲ. ನೀವು ಬರ್ರಿ.”

ನಿಜ ಹೇಳುತ್ತೇನೆ, ಮೊದಲು ನನಗೆ ನಗು ಬಂತು. ನನ್ನದೇ ತಪ್ಪನ್ನು ಇನ್ನೊಬ್ಬ ಮಾಡಿದ್ದು ಕೇಳಿದರೆ ಆಗುವ ಸಂತೋಷ ಅದು. ಬಸ್ಸಿನಲ್ಲಿ ಕುಳಿತಾಗ ಅವನ ಮೇಲೆ ಅಕ್ಕರೆಯೂ ಹುಟ್ಟಿತು. ನನ್ನ ಫೈಲಿನ ಕತೆ ಹೇಳಿ, ನಗಿಸಿ, ಕೈ ಹಿಡಿದು ಎಬ್ಬಿಸಿಕೊಂಡು ಬರೋಣ ಎಂದುಕೊಂಡೆ.

ಬಸಣ್ಣನ ಮನೆಯ ಹಿತ್ತಲಲ್ಲಿ ಜೋಕಾಲಿ ತೂಗುಬಿದ್ದಿತ್ತು. ಹೆಣ್ಣುಮಕ್ಕಳು ಗೋಡೆಗೆ ಆತು ಸಾಲಾಗಿ ನಿಂತಿದ್ದರು. ಕಿರಣ ಕಟ್ಟೆಯ ಮೇಲೆ ಕುಳಿತಿದ್ದ, ಇಸ್ತ್ರಿ ಮಾಡಿದ ಅಂಗಿ, ಪಕ್ಕದಲ್ಲಿ ಎರಡು ಫೋನು. ಒಂದು ಅವನದು, ಒಂದು ಪೂಜಾಳಿಂದ ಇಸಿದುಕೊಂಡದ್ದು. ನನ್ನನ್ನು ಕಂಡು ಎದ್ದು ಕಾಲು ಮುಟ್ಟಿದ.

“ಬರ್ರಿ ಮಾವಾರ. ಆಕಿ ಫೋನ್ ಎತ್ತಲಿಲ್ಲ, ಅದಕ್ಕ ಬಂದೆ.”

ಪಕ್ಕದಲ್ಲಿ ಕುಳಿತು ಫೈಲಿನ ಕತೆ ಹೇಳಿದೆ. ಚೆನ್ನಾಗಿ ನಕ್ಕ. ಬಿಳಿ ಹಾಳೆಯ ಮಾತಿಗಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಹಂಗಾರ ನಿಮಗ ನನ್ನ ಸಂಕಟ ತಿಳೀತೈತಿ ಬಿಡ್ರಿ,” ಎಂದ.

“ತಿಳೀತೈತಿ, ಅದಕ್ಕ ಕರಿಯಾಕತ್ತೀನಿ. ನಡೀರಿ ಅಳಿಯಂದ್ರ, ಇಬ್ಬರೂ ಹೋಗೂಣು. ಇದು ಹೆಂಗಸರ ಹಬ್ಬ.”

“ನಾ ಏನ್ ಮಾಡೀನ್ರಿ? ಸುಮ್ನ ಕುಂತೀನಿ. ಆಡಬ್ಯಾಡ ಅಂದೀನೇನು? ಆಡ್ಲಿ. ನನ್ನ ಕಣ್ಣ ಮುಂದ ಆಡ್ಲಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ನಗುಮುಖದಿಂದಲೇ ಹೇಳಿದ. ಇವನು ನನ್ನ ಹಾಗೆಯೇ, ಅಥವಾ ಬೇರೆಯೇ? ತಿಳಿಯಲಿಲ್ಲ. ಪೂಜಾಳ ಬಗ್ಗೆ ಏನು ಕೇಳಿದರೂ ಅವನ ಬಳಿ ಪ್ರೀತಿಯ ಉತ್ತರ ತಯಾರಾಗಿರುತ್ತಿತ್ತು. ಆಗ ಖಾದರಸಾಬರು ನೆನಪಾದರು. ಬಾಜೂ ಹೊಲದ ಮಾತು ತೆಗೆದೆ.

“ಅದಿರ್ಲಿ, ನಿಮ್ಮ ಅಣ್ಣಾರ ಹೆಂಡತಿ ಪಂಚಮಿಗೆ ಯಾ ಊರಿಗೆ ಹೋಗ್ಯಾರ?”

“ವೈನಿ? ಎಲ್ಲಿಗೂ ಹೋಗಿಲ್ರಿ. ಮನ್ಯಾಗ ಅದಾರ.”

“ತವರಿಂದ ಕರಿಯಾಕ ಬಂದಿಲ್ಲೇನು?”

“ಅವರ ತಮ್ಮ ವರ್ಷಾ ವರ್ಷಾ ಬರ್ತಾನ್ರಿ, ಕುಷ್ಟಗಿ ಕಡಿಯಿಂದ. ಉಂಡಿ ಡಬ್ಬಿ ಇಟ್ಟು, ಚಾ ಕುಡುದು ಹೋಗ್ತಾನ. ನಾಕು ವರ್ಷ ಆತು. ಅಣ್ಣ ಕಳಿಸಂಗಿಲ್ಲ. ನಮ್ಮ ಮನ್ಯಾಗ ಮೊದಲಿಂದನೂ ಹಂಗ.”

“ಅವರಿಗೆ ಬ್ಯಾಸರ ಆಗಂಗಿಲ್ಲೇನು?”

“ಮೊದಲ ಎರಡು ವರ್ಷ ಅತ್ರು. ಈಗ ಅಳಂಗಿಲ್ಲ ಬಿಡ್ರಿ. ರೂಢಿ ಆಗೈತಿ.”

ಮನೆಯ ಒಳ್ಳೆಯ ಸುದ್ದಿ ಹೇಳಿದಂತೆ ಹೇಳಿದ. ಆ ತಮ್ಮನನ್ನು ನಾನು ನೋಡಿಲ್ಲ, ಆದರೂ ಕಂಡಂತಾಯಿತು. ಸಿದ್ದಾಪುರದ ಬಸ್ ನಿಲ್ದಾಣದಲ್ಲಿ, ಬರುವಾಗ ಇಬ್ಬರ ಲೆಕ್ಕ ಹಾಕಿ ಬಂದು, ಹೋಗುವಾಗ ಒಬ್ಬನೇ ನಿಂತ ಹುಡುಗ. ನೋಡುನೋಡುತ್ತ ಆ ಜಾಗದಲ್ಲಿ, ಮುಂದೆ ಪೂಜಾಳನ್ನು ಕರೆಯಲು ಹೋಗುವ ಬಸಣ್ಣನ ಮಗ ಕಂಡ, ಆಮೇಲೆ ನಾನೇ ಕಂಡೆ. ಸಿದ್ದಾಪುರದ ಆ ಮನೆಯಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ನನ್ನ ಮಗಳು ಅಳುವುದನ್ನು ಬಿಟ್ಟು ರೂಢಿ ಮಾಡಿಕೊಂಡು ನಿಂತಿದ್ದಳು.

ಎದ್ದು ಒಳಗೆ ಹೋದೆ. ಪೂಜಾ ಹೊಸ ಸೀರೆಯಲ್ಲಿ ಒಲೆಯ ಕಟ್ಟೆಯ ಬಳಿ ಕುಳಿತಿದ್ದಳು. ಅವಳ ತಾಯಿ ಪಕ್ಕದಲ್ಲಿದ್ದಳು. ಕಿರಣ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ವರದಿ ಒಪ್ಪಿಸುವುದು ನನಗೆ ಬರುತ್ತದೆ. ಆಮೇಲೆ, “ಇಷ್ಟು ದಿನ ನಾ ಸುಮ್ನ ಇದ್ದದ್ದು ತಪ್ಪಾತು. ನೀ ಏನಂತಿ?” ಎಂದೆ.

“ಮಂದಿ ಏನಂತಾರ, ಅಪ್ಪಾ? ನಿಶ್ಚೇ ಆಗೈತಿ.”

“ಮಂದಿ ಮಾತು ನನಗ ಬಿಡು. ನೀ ಹೇಳು.”

ಬೆರಳಿನ ಉಂಗುರ ತಿರುವಿದಳು. “ನಂಗ ಭಾಳ ದಣಿವಾಗೈತಿ,” ಎಂದಳು. “ಎಲ್ಲಿ ಅದೀನಿ, ಎಲ್ಲಿ ಅದೀನಿ ಅಂತ ಹೇಳಿ ಹೇಳಿ ಸಾಕಾಗೈತಿ. ಮೊದಲ ಖುಷಿ ಆಗತಿತ್ತು. ಈಗ ಫೋನ್ ಬಡಕೊಂಡ್ರ ಅದನ್ನ ಎತ್ತಿ ಒಗೀಬೇಕು ಅನಸ್ತೈತಿ.”

ನಾನೇ ಹೋಗಿ ಹೇಳುತ್ತೇನೆ ಎಂದು ಎದ್ದೆ. ಅವಳು ತಡೆದಳು. “ನಾ ಹೇಳ್ತೀನಿ. ನೀ ನನ್ನ ಬಾಜೂಕ ನಿಂದ್ರು, ಸಾಕು.”

ಹಿತ್ತಲಿಗೆ ಹೋಗಿ ಅವಳ ಪಕ್ಕ ನಿಂತೆ. ಅವಳು ಉಂಗುರ ತೆಗೆದು ಕಿರಣ ಕುಳಿತಿದ್ದ ಕಟ್ಟೆಯ ಮೇಲೆ ಇಟ್ಟಳು. “ಕಿರಣ್, ಈ ಮದಿವಿ ನಂಗ ಬ್ಯಾಡ. ಹೋಗು.”

ಅವನ ಮುಖದ ನಗು ಒಮ್ಮೆಲೇ ಹೋಯಿತು. ಅವಳಿಗೆ ಏನೂ ಹೇಳದೆ ನನ್ನ ಕಡೆ ತಿರುಗಿದ. “ಮಾವಾರ, ನಿಮ್ಮ ಮಗಳಿಗೆ ಸ್ವಲ್ಪ ತಿಳಿಸಿ ಹೇಳ್ರಿ.”

“ತಿಳಿದ ಹೇಳ್ಯಾಳ,” ಎಂದೆ. “ಆಕಿ ಫೋನ್ ಕೊಡ್ರಿ.”

ಕೊಡಲಿಲ್ಲ. ಕೈ ಚಾಚಿಕೊಂಡು ನಿಂತೆ. ಗೋಡೆಗೆ ಆತಿದ್ದ ಹೆಂಗಸರಲ್ಲಿ ಒಬ್ಬೊಬ್ಬರೇ ಬಂದು ನನ್ನ ಹಿಂದೆ ನಿಂತರು. ಬಸಣ್ಣನೂ ಎತ್ತಿನ ಹಗ್ಗ ಹಿಡಿದುಕೊಂಡೇ ಬಂದು ನಿಂತ. ಕೊನೆಗೆ ಫೋನನ್ನು ನನ್ನ ಕೈಯಲ್ಲಿ ಕುಕ್ಕಿ, ನಾಳೆ ಹಿರಿಯರು ಬರುತ್ತಾರೆ ಎಂದು ಹೇಳಿ ಕಿರಣ ಗಾಡಿ ಹತ್ತಿ ಹೋದ. ಹಿರಿಯರು ಬಂದದ್ದೂ ಹೌದು, ಎರಡು ಸಲ ಕೂತದ್ದೂ ಹೌದು. ನಮ್ಮ ಓಣಿಯಲ್ಲಿ ಒಂದು ವಾರ ಬೇರೆ ಮಾತಿರಲಿಲ್ಲ. ಉಂಗುರ, ಸೀರೆ ವಾಪಸು ಹೋದವು. ನಾನು ಹೆದರಿದ್ದಷ್ಟು ಏನೂ ಆಗಲಿಲ್ಲ. ಮೊನ್ನೆ ಲ್ಯಾಬಿನ ಹುಡುಗಿಯೊಬ್ಬಳು ಬಂದು ತನ್ನ ನಿಶ್ಚಯದ ಬಗ್ಗೆ ಪೂಜಾಳ ಜೊತೆ ಎರಡು ತಾಸು ಪಿಸುಪಿಸು ಮಾತಾಡಿ ಹೋದಳು. ಆ ಮನೆಗೂ ಒಂದು ಪಂಚನಾಮೆ ಬೇಕಾಗಿದೆಯೋ ಏನೋ.

ಆದರೆ ನಾನು ಹೇಳಬೇಕೆಂದದ್ದು ಆ ದಿನದ ಮಾತು. ಗಾಡಿಯ ಸದ್ದು ಓಣಿ ದಾಟಿದ ಮೇಲೆ ನೀಲಮ್ಮ ನನಗೆ ನೀರು ಕೊಟ್ಟಳು. ಕುಡಿದು ತಂಬಿಗೆಯನ್ನು ಅವಳ ಕಡೆ ಚಾಚಿದೆ. ಮೂವತ್ತು ವರ್ಷದಿಂದ ಕೇಳದಿದ್ದುದನ್ನು ಆಗ ಕೇಳಿದೆ.

“ನಾನೂ ಹಿಂಗ ಬಂದು ಕುಂತಿದ್ನಲ್ಲ. ನಿನಗ ಆವಾಗ ನನ್ನ ಅಂಜಿಕಿ ಬರಲಿಲ್ಲೇನು?”

ಅವಳು ತಂಬಿಗೆ ತೆಗೆದುಕೊಂಡಳು. “ನಾ ಹೋಗ್ರಿ ಅಂದೆ, ನೀವು ಹೋದ್ರಿ. ಇನ್ನೇನು ಅಂಜೋದು?”

ಡಿಕ್ಷನರಿಯಲ್ಲಿ ಸಿಗದ ಅರ್ಥ ಅದು.

“ಈಗೂ ಹೋಗ್ರಿ,” ಎಂದಳು. “ಹೆಂಗಸರೆಲ್ಲಾ ನಿಮ್ಮ ದಾರಿ ಕಾಯಾಕತ್ತಾರ, ಯಾವಾಗ ಎದ್ದು ಹೊಕ್ಕಾರ ಅಂತ.”

ಎದ್ದೆ. ಪೂಜಾಳ ಫೋನನ್ನು ಪೂಜಾಳಿಗೇ ಕೊಟ್ಟು, ಒಂದು ಉಂಡಿಯನ್ನೂ ತಿನ್ನದೆ ಬಸ್ ನಿಲ್ಲುವ ಜಾಗಕ್ಕೆ ನಡೆದೆ. ಓಣಿ ತಿರುಗುವಷ್ಟರಲ್ಲಿ ಹಿತ್ತಲಿನಿಂದ ನಗು ಕೇಳಿಸಿತು, ಒಬ್ಬರದಲ್ಲ, ಹತ್ತು ಹನ್ನೆರಡು ಮಂದಿಯದು. ನನ್ನನ್ನು ನೋಡಿಯೇ ನಕ್ಕಿರಬಹುದು, ನಗಲಿ. ಅಷ್ಟು ನೆಮ್ಮದಿ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಬಸ್ಸಿನಲ್ಲಿ ಕುಳಿತ ಮೇಲೆ ತಪ್ಪು ಅರಿವಾಯಿತು. ಇಷ್ಟೆಲ್ಲ ಆಗಿ, ಮಗಳಿಗೆ ಒಂದು ಮಾತು ಹೇಗಿದ್ದೀಯವ್ವಾ ಎಂದು ಕೇಳದೆ ಬಂದಿದ್ದೆ. ಫೋನ್ ಮಾಡಿದೆ. ಪೂರ್ತಿ ಬಡಿದುಕೊಂಡು ನಿಂತಿತು, ಅವಳು ಎತ್ತಲಿಲ್ಲ. ಜೋಕಾಲಿಯ ಮೇಲೆ ಇದ್ದಾಳು ಎಂದುಕೊಂಡೆ. ಬೆರಳು ಮತ್ತೆ ಅವಳ ಹೆಸರಿನ ಮೇಲೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಫೋನನ್ನು ಜೇಬಿಗೆ ಹಾಕಿಕೊಂಡೆ. ಎರಡನೆಯ ಸಲ ಮಾಡಲಿಲ್ಲ.